ಟಿರಿಟ್ ಸಾಹೇಬರ ನುಂಗಿದ ಅಕ್ಷರ

ದೋಹಾ ಹತ್ತಿರದ ವಕ್ರಾ ಪಟ್ಟಣದಲ್ಲಿ, ಸರಕಾರಿ ಅರ್ಜಿಗಳನ್ನು ಅರಬಿಯಲ್ಲಿ ಟೈಪ್ ಮಾಡಿಕೊಡುವ ಆ ಟೈಪಿಂಗ್ ಸೆಂಟರಿನಲ್ಲಿ ಅಪ್ಪ ಮಗಳು ಕನ್ನಡದಲ್ಲೇ ಮಾತಾಡುವುದಕ್ಕೆ ಒಂದು ಕಾರಣವಿತ್ತು. ಮನೆಮಾತು ಬ್ಯಾರಿ. ಆದರೆ ಬರುವ ಗಿರಾಕಿಗಳಲ್ಲಿ ಅರ್ಧ ಜನ ಮಲಯಾಳಿಗಳು. ಬ್ಯಾರಿಯಲ್ಲಿ ಗುಟ್ಟು ಹೇಳಿದರೆ ಅವರಿಗೆ ಮುಕ್ಕಾಲು ಪಾಲು ತಿಳಿದೇಬಿಡುತ್ತದೆ. ಹಾಗಾಗಿ ಗುಟ್ಟೆಲ್ಲ ಕನ್ನಡದಲ್ಲಿ.

ಆ ದಿನ ಅಪ್ಪ ಅಬ್ದುಲ್ ಮಜೀದ್ ಮಧ್ಯಾಹ್ನದ ನಮಾಜಿಗೆ ಹೋಗಿದ್ದರು. ಅಂಗಡಿಯಲ್ಲಿ ನುಸೈಬಾ ಒಬ್ಬಳೇ. ಮಂಗಳೂರಿನಲ್ಲಿ ಬಿ.ಎ. ಮುಗಿಸಿ ಬಂದು ಎರಡು ವರ್ಷವಾಗಿತ್ತು. ಮಾತು ಕಡಿಮೆ. ಕಾಲೇಜಿನಲ್ಲಿ ಅವಳಿಗೆ ಇಂಗ್ಲಿಷಿನಲ್ಲಿ ಹಿಡಿಸಿದ್ದು ಒಂದೇ: ಬರೆದೂ ಉಚ್ಚರಿಸದ ಅಕ್ಷರಗಳು. ಸಭೆಗೆ ಬಂದು ಕೊನೆಯ ಬೆಂಚಿನಲ್ಲಿ ಸುಮ್ಮನೆ ಕೂತ ಹಿರಿಯರ ಹಾಗೆ ಅವು ಅವಳಿಗೆ ಕಾಣುತ್ತಿದ್ದವು.

ಬಾಗಿಲು ತಳ್ಳಿಕೊಂಡು ಬಂದವರು ಅರವತ್ತು ದಾಟಿದ ಒಬ್ಬ ಇಂಗ್ಲಿಷರು. ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಮೂವತ್ತು ವರ್ಷ ದುಡಿದು, ಈ ತಿಂಗಳ ಕೊನೆಗೆ ವೀಸಾ ರದ್ದು ಮಾಡಿಸಿ ಊರಿಗೆ ಹೊರಟವರು. ಹೆಸರು ಕೆನೆತ್. ಕುಟುಂಬದ ಹೆಸರನ್ನು ಪಾಸ್‌ಪೋರ್ಟಿನಲ್ಲಿ ಇದ್ದಂತೆ ಓದಿದರೆ ಟೈರ್‌ವಿಟ್.

"ಟಿರಿಟ್," ಎಂದು ಅವರೇ ತಿದ್ದಿದರು. "ನಡುವಿನ ಅಕ್ಷರಗಳು ಮಾತಾಡುವುದಿಲ್ಲ."

ಅವರ ಕಷ್ಟ ಇಷ್ಟೇ. ಮಗಳು ಹುಟ್ಟಿದ್ದು ದೋಹಾದಲ್ಲಿ. ಈಗ ಒಬ್ಬ ಲೆಬನಾನಿನ ಹುಡುಗನನ್ನು ಮದುವೆಯಾಗುತ್ತಿದ್ದಾಳೆ. ಹುಡುಗನ ಕಡೆಯ ಕಚೇರಿ ಅರಬಿ ಕಾಗದವನ್ನೇ ಕೇಳುತ್ತದೆ. ಅಪ್ಪನ ಗುರುತಿನ ಚೀಟಿಯಲ್ಲಿ ಅರಬಿಯಲ್ಲಿ 'ತೀರಿತ್' ಎಂದಿದೆ. ಮಗಳ ಜನನಪತ್ರದಲ್ಲಿ ಅಪ್ಪನ ಹೆಸರು 'ತಾಯರ್‌ವಿತ್'. ಕಾಗದದ ಪ್ರಕಾರ ಈಕೆ ಇವರ ಮಗಳಲ್ಲ.

"ಈ ಎರಡು ಹೆಸರಿನವರೂ ಒಬ್ಬನೇ ಅಂತ ಬರೆಸಿಕೊಂಡು ಬಾ ಅಂದರು," ಎಂದು ಕೆನೆತ್ ನಕ್ಕರು. "ಅರವತ್ತಾರು ವರ್ಷದಿಂದ ನನಗೂ ಅದೇ ಅನುಮಾನವಿತ್ತು."

ನುಸೈಬಾ ಅರ್ಜಿ ತೆರೆದಳು. ವಿವರಗಳನ್ನೆಲ್ಲ ತುಂಬಿ 'ವ್ಯತ್ಯಾಸಕ್ಕೆ ಕಾರಣ' ಎಂಬ ಅಂಕಣಕ್ಕೆ ಬಂದಳು. ಅಂಥ ಅರ್ಜಿ ನೋಡುವ ಇಲ್ಲಿನ ಸರಕಾರಿ ಕಚೇರಿಗೆ ಹಿಡಿಸುವ ಉತ್ತರ ಒಂದೇ, ಅದು ಅವಳಿಗೆ ಬಾಯಿಪಾಠ: ಟೈಪಿಸ್ಟನ ತಪ್ಪು, ಟೈಪಿಸ್ಟನ ಪೂರ್ತಿ ಹೆಸರು. ಬೇರೆ ಏನು ಬರೆದರೂ ಅರ್ಜಿ ವಾಪಸು ಬರುತ್ತದೆ, ಎರಡು ವಾರ ಹಿಡಿಯುತ್ತದೆ. ಕೆನೆತ್ ಹತ್ತಿರ ಇದ್ದದ್ದು ಒಂಬತ್ತು ದಿನ.

ಯಾರು ಟೈಪ್ ಮಾಡಿದ್ದೆಂದು ನೋಡಲು ಜನನಪತ್ರದ ಹಿಂದೆ ಪಿನ್ ಹೊಡೆದಿದ್ದ ಹಳೆಯ ಅರ್ಜಿಯನ್ನು ತಿರುಗಿಸಿದಳು. ಅಡಿಯಲ್ಲಿ ಮಾಸಿದ ನೇರಳೆ ಮೊಹರು. ಮಜೀದ್ ಕೆ.

ಅವಳ ಬೆರಳು ಕೀಲಿಮಣೆಯ ಮೇಲೆ ನಿಂತಿತು.

ಅಪ್ಪನ ಹತ್ತಿರ, ಅವಳ ಬಾಪನ ಹತ್ತಿರ, ಹೇಳಿಕೊಳ್ಳುವಂಥದ್ದು ಹೆಚ್ಚೇನೂ ಇರಲಿಲ್ಲ. ಜನ ಈಗ ಫೋನಿನಲ್ಲೇ ಅರ್ಜಿ ಹಾಕುತ್ತಾರೆ. ಒಂದು ಕಣ್ಣಿಗೆ ಪೊರೆ ಬಂದಿದೆ. ಉಳಿದದ್ದು ಒಂದೇ ಮಾತು: "ಇಪ್ಪತ್ತಾರು ವರ್ಷ, ಒಂದು ಅಕ್ಷರ ತಪ್ಪಿಲ್ಲ." ಹೊಸ ಗಿರಾಕಿಗೆ ಅದನ್ನು ಹೇಳುವಾಗ ಅವರು ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗಾಗುತ್ತಿದ್ದರು. ಆ ನೆಟ್ಟಗಾಗುವಿಕೆಯನ್ನು ತನ್ನ ಕೈಯಾರೆ ಟೈಪ್ ಮಾಡಿ ಅಳಿಸುವುದು ಹೇಗೆ?

ನುಸೈಬಾ ಅಂಕಣದಲ್ಲಿ 'ಕಾರಣ ತಿಳಿದಿಲ್ಲ' ಎಂದು ಬರೆದಳು. ಹಳೆಯ ಅರ್ಜಿಯನ್ನು ಮತ್ತೆ ಮಗುಚಿ ಇಟ್ಟಳು. ಕೆನೆತ್ ಅವರ ಮುಖವನ್ನು ನೋಡಲಿಲ್ಲ.

ಆಗಲೇ ಮಜೀದ್ ಒಳಗೆ ಬಂದರು. ಹಿಂದೆಯೇ ಪಕ್ಕದ ಕೆಫೆಟೇರಿಯಾದ ಯಾಕೂಬ್, ಕೈಯಲ್ಲಿ ಮೂರು ಕರಕ್ ಚಹಾ. ಉಪ್ಪಿನಂಗಡಿಯವನು, ನಾಲಿಗೆಗೆ ಎಲುಬಿಲ್ಲ. ಪರದೆಯ ಮೇಲೆ ಬಗ್ಗಿ ಓದಿ, "ಎಂತ ಮಜೀದಾಕ, ಟೈರ್ ಬಿಟ್ಟ ಸಾಹೇಬರು ಇಲ್ಲಿಗೆ ಬಂದಿದ್ದಾರೆ? ಪಂಚರ್ ಅಂಗಡಿ ಆ ಕಡೆ ಅಲ್ವಾ?" ಎಂದ.

"ನೀನು ಚಹಾ ಇಟ್ಟು ಯಲ್ಲಾ, ಹೋಗು ಮಾರಾಯ," ಎಂದರು ಮಜೀದ್. ಆದರೆ ಅವರ ಕಣ್ಣು ಆ ಹೆಸರಿನ ಮೇಲೇ ನಿಂತಿತ್ತು. ಯಾಕೂಬ್ ಹೋದ ಮೇಲೆ ಕನ್ನಡಕ ಹಣೆಗೇರಿಸಿ, ಕಾಗದವನ್ನು ಮೂಗಿನ ಹತ್ತಿರ ಹಿಡಿದು ಕೇಳಿದರು, "ಇದರ ಹಳೆಯ ಅರ್ಜಿ ಎಲ್ಲುಂಟು?"

"ಬೇಡ ಬಾಪ, ನಾನು ಮುಗಿಸಿದೆ."

"ಕಾರಣ ತಿಳಿದಿಲ್ಲ ಅಂತ ಬರೆದಿದ್ದೀಯ. ಇದು ವಾಪಸು ಬರ್ತದೆ. ನಿನಗೆ ಗೊತ್ತಿಲ್ವಾ?"

ಮಜೀದ್ ಕಾಗದದ ಕಟ್ಟನ್ನು ತಾವೇ ಎಳೆದು ಮಗುಚಿದರು. ಮೊಹರು ಕಂಡಿತು.

"ನಾನೇ," ಎಂದರು. ಆಮೇಲೆ ಕೆನೆತ್ ಕಡೆ ತಿರುಗಿ, ತಮ್ಮ ಮುರುಕು ಇಂಗ್ಲಿಷಿನಲ್ಲಿ, "ಸರ್, ನಿಮ್ಮ ಹೆಸರು ಒಮ್ಮೆ ಹೇಳಿ."

"ಟಿರಿಟ್."

"ಟಿರಿಟ್. ಮತ್ತೆ ನಡುವೆ ಇಷ್ಟು ಅಕ್ಷರ ಯಾಕೆ?"

ಕೆನೆತ್ ಚಹಾ ಎತ್ತಿಕೊಂಡರು. ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ಅವರು ಕಾದಿದ್ದರೋ ಏನೋ. ಇಂಗ್ಲೆಂಡಿನ ಉತ್ತರದ ತುದಿಯಲ್ಲಿ ಒಂದು ಪುಟ್ಟ ಹಳ್ಳಿಯಿದೆ, ಆ ಊರಿನ ಹೆಸರೇ ಮನೆತನಕ್ಕೆ ಬಂತು ಎಂದರು. ಅರ್ಥ ಯಾರಿಗೂ ಖಚಿತವಿಲ್ಲ. ಅಂಟು ಸುರಿಸುವ ಒಣಮರ ಎಂದು ಕೆಲವರು, ಹೊಳೆಯ ತಿರುವು ಎಂದು ಕೆಲವರು, ಎರಡೂ ಸೇರಿ ಒಂದು ಜಾಗ ಎಂದು ಅವರ ಅಜ್ಜ. ಮೊದಮೊದಲು ಟಿರ್‌ವಿಟ್ ಎಂದೇ ಕರೆಯುತ್ತಿದ್ದರಂತೆ. ಪಾದ್ರಿಗಳು, ಗುಮಾಸ್ತರು ಕಿವಿಗೆ ಬಿದ್ದಂತೆ ಒಬ್ಬೊಬ್ಬರು ಒಂದೊಂದು ಥರ ಬರೆದರು. ಅದರಲ್ಲೊಂದು ಕಾಗದದಲ್ಲಿ ಗಟ್ಟಿಯಾಯಿತು. ಆಡುವ ಬಾಯಿ ಮಾತ್ರ ಹೆಸರನ್ನು ಸವೆಸುತ್ತ ಹೋಯಿತು.

"ಹಾಗಾದರೆ ನೀವು ಬರೆದದ್ದು ತಪ್ಪಲ್ಲ," ಎಂದರು ಕೆನೆತ್. "ಎಂಟುನೂರು ವರ್ಷ ತಡವಾಯಿತು, ಅಷ್ಟೇ."

ನುಸೈಬಾ ಅದನ್ನು ಕನ್ನಡಕ್ಕಿಳಿಸಿ ಹೇಳಿದಾಗ ಮಜೀದ್ ನಗಲಿಲ್ಲ. "ಶಾಲೆಯಲ್ಲಿ ಕನ್ನಡ ಕಲಿಸಿದ ಮಾಷ್ಟ್ರು ಬರೆದದ್ದನ್ನೆಲ್ಲ ಓದು ಅಂದ್ರು. ಮದ್ರಸದಲ್ಲಿ ಉಸ್ತಾದರು ಪ್ರತಿ ಅಕ್ಷರಕ್ಕೂ ಅದರ ಹಕ್ಕು ಕೊಡು ಅಂದ್ರು. ಅಕ್ಷರ ನುಂಗಿದ್ರೆ ಇವರ ಹೆಸರಿಗೆ ಮೋಸ ಅಂತ ಗ್ರಹಿಸಿದೆ. ಅವರನ್ನು ಒಂದು ಮಾತು ಕೇಳ್ಬಹುದಿತ್ತು. ಎದುರಿಗೇ ಕೂತಿದ್ರು, ಹುಟ್ಟಿದ ಮಗುವಿನ ಫೋಟೋ ತೋರಿಸ್ತಾ ಇದ್ರು. ಕೇಳ್ಲಿಲ್ಲ."

"ಬಾಪ, ಉಚ್ಚಾರದ ವ್ಯತ್ಯಾಸ ಅಂತ ಹಾಕಿ ನೋಡುವನಾ?"

"ವಾಪಸು ಬರ್ತದೆ. ಇವರಿಗೆ ದಿನ ಇಲ್ಲ." ಮಜೀದ್ ಕುರ್ಚಿಯನ್ನು ಎಳೆದುಕೊಂಡರು. "ಏಳು. ನಾನು ಬರೀತೇನೆ."

ಅವರು 'ಕಾರಣ ತಿಳಿದಿಲ್ಲ' ಎಂಬುದನ್ನು ಅಳಿಸಿ, ಎರಡೇ ಬೆರಳಿನಲ್ಲಿ ಅರಬಿಯಲ್ಲಿ ಟೈಪ್ ಮಾಡಿದರು. ಟೈಪಿಸ್ಟನ ತಪ್ಪು. ಹೆಸರು, ಅಬ್ದುಲ್ ಮಜೀದ್. ಮುಂದಿನ ಖಾನೆ ಕುಟುಂಬದ ಹೆಸರಿನದು. 'ಕೆ.' ಎಂದು ಒತ್ತಿದರು. ಯಂತ್ರ ಕೆಂಪು ಗೆರೆ ಎಳೆಯಿತು. ಪೂರ್ತಿ ಬೇಕು.

"ಆ ಕೆ ಅಂದರೆ ಏನು?" ಎಂದು ಕೆನೆತ್ ನುಸೈಬಾಳನ್ನು ಕೇಳಿದರು.

ಅಂಗಡಿಯ ಬೋರ್ಡಿನಲ್ಲಿ, ಮೊಹರಿನಲ್ಲಿ, ತನ್ನ ಅಂಕಪಟ್ಟಿಯಲ್ಲಿ ಕೂಡ ಅವಳು ಕಂಡದ್ದು ಆ ಒಂದೇ ಅಕ್ಷರ. ಕೇಳಬೇಕೆಂದು ಅನಿಸಿದ್ದೇ ಇಲ್ಲ. ಅವಳು ಅಪ್ಪನ ಮುಖ ನೋಡಿದಳು.

"ಕುಂಟಲಗುಳಿ," ಎಂದರು ಮಜೀದ್. ತೀರ ಸಣ್ಣ ದನಿ. "ಜಾಗದ ಹೆಸರು. ಕುಂಟಲ ಅಂದ್ರೆ ನೇರಳೆ. ತಗ್ಗಿನಲ್ಲಿ ಒಂದು ದೊಡ್ಡ ನೇರಳೆ ಮರ ಇತ್ತಂತೆ. ನಾನು ಹುಟ್ಟುವಾಗ ಮರ ಇಲ್ಲ. ಈಗ ರಸ್ತೆ ಅಗಲ ಮಾಡಿ ತಗ್ಗೂ ಇಲ್ಲ."

ನುಸೈಬಾ ಕೆನೆತ್‌ಗೆ ಅಷ್ಟನ್ನೂ ಹೇಳಿದಳು. ಅವರು ತಲೆಯಾಡಿಸಿದರು. "ಒಂದು ಮರ, ಒಂದು ತಿರುವು. ಒಂದು ಮರ, ಒಂದು ತಗ್ಗು," ಎಂದರು, ತಮಗೇ ಹೇಳಿಕೊಂಡಂತೆ.

ಮಜೀದರ ಬೆರಳು ಮತ್ತೆ ಎದ್ದು, ಅಲ್ಲೇ ತೂಗಿತು. ಅರಬಿಯಲ್ಲಿ ಟ ಇಲ್ಲ. ಗ ಇಲ್ಲ. ಳ ಇಲ್ಲ. ಇಪ್ಪತ್ತಾರು ವರ್ಷ ಊರ ಮಂದಿಯ ಹೆಸರುಗಳನ್ನೆಲ್ಲ ಆ ಲಿಪಿಗೆ ಹೊಂದಿಸಿಕೊಟ್ಟವರು, ತಮ್ಮದರ ಮುಂದೆ ಹೊಸಬರಂತೆ ಕೂತರು. ಹಾಗೇ ಒಂದೊಂದೇ ಕೀಲಿ ಒತ್ತಿದರು. ಕೆಂಪು ಗೆರೆ ಹೋಯಿತು.

"ಓದು," ಎಂದರು ಮಗಳಿಗೆ.

"ಕುಂತಲಘುಲಿ," ಎಂದು ಓದಿದಳು ನುಸೈಬಾ.

ಮಜೀದ್ ಆಗ ನಕ್ಕರು. "ನಮ್ಮ ಉಮ್ಮ ಕೇಳಿದ್ರೆ ಯಾರೋ ಬೇರೆಯವರು ಬಂದಿದ್ದಾರೆ ಅಂತ ಬಾಗಿಲೇ ತೆರೀತಿರಲಿಲ್ಲ."

ಪ್ರಿಂಟರು ಹಾಳೆಯನ್ನು ಹೊರಗೆ ನೂಕಿತು. ಮಜೀದ್ ಸಹಿ ಹಾಕಿ, ಮೊಹರು ಒತ್ತಿ, ಎರಡೂ ಕೈಯಲ್ಲಿ ಹಿಡಿದು ಕೆನೆತ್‌ಗೆ ಕೊಟ್ಟರು. "ಮಾಫಿ ಮುಶ್ಕಿಲ್ ಸರ್, ಏನೂ ತೊಂದರೆ ಇಲ್ಲ. ನಾಲ್ಕು ದಿನ, ಖಲಾಸ್, ಮುಗೀತು. ಮಗಳು ನಿಮ್ಮದೇ."

ಕೆನೆತ್ ಅವರ ಕೈ ಕುಲುಕಿದರು. ಬಾಗಿಲ ಹತ್ತಿರ ನಿಂತು, ತುಟಿ ಸರಿಮಾಡಿಕೊಂಡು, "ಥ್ಯಾಂಕ್ಯೂ, ಮಿಸ್ಟರ್ ಕುಂಟಲಗುಲಿ," ಎಂದರು. ಟ ಸರಿಯಾಗಿತ್ತು. ಳ ಬರಲಿಲ್ಲ.

ಹೊಸ ಗಿರಾಕಿ ಒಬ್ಬ ಒಳಗೆ ಬಂದು ಕೂತ. ಫೈಲು ಬಿಚ್ಚುತ್ತ ಮಲಯಾಳದಲ್ಲಿ, "ಹೆಸರೆಲ್ಲ ತಪ್ಪಿಲ್ಲದೆ ಬರ್ತದೆ ಅಲ್ವಾ?" ಎಂದು ಕೇಳಿದ. ನುಸೈಬಾ ಅಪ್ಪನ ಬೆನ್ನನ್ನೇ ನೋಡಿದಳು.

ಮಜೀದ್ ಕುರ್ಚಿಯಲ್ಲಿ ಒರಗಿಯೇ ಇದ್ದರು. "ಮೊದಲು ನಿಮ್ಮ ಹೆಸರು ನೀವೇ ಒಮ್ಮೆ ಹೇಳಿ," ಎಂದರು. "ಮೆಲ್ಲ ಹೇಳಿ. ಕೇಳ್ತೇನೆ."