ಉಪ್ಪುನೀರಿನ ಹದ

ಪೀಪಾಯಿಯ ಮುಚ್ಚಳ ತೆಗೆದು ದೊಡ್ಡಪ್ಪ ಒಂದು ಎಳೆಸೌತೆಯನ್ನು ಎತ್ತಿದ. ಒತ್ತಿದರೆ ಅದು ಟಕ್ಕೆಂದು ಮುರಿಯಬೇಕಿತ್ತು. ಮುರಿಯಲಿಲ್ಲ, ಬಾಗಿತು. ಇನ್ನಷ್ಟು ಒತ್ತಿದಾಗ ಸಿಪ್ಪೆ ಬಿರಿದು ತಿರುಳೆಲ್ಲ ಲೋಳೆಯಾಗಿ ಅವನ ಅಂಗೈಗೆ ಇಳಿಯಿತು.

"ಇದೂ ಹೋಯ್ತು," ಅಂದ. ಸಣ್ಣ ವಿಷಯಕ್ಕೂ ಸೂರು ಹಾರಿಹೋಗುವಂತೆ ಕೂಗುವ ಮನುಷ್ಯ ಅಂದು ಕೂಗಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ.

ನಮ್ಮ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ತರಕಾರಿಯನ್ನು ಉಪ್ಪುನೀರಿನಲ್ಲಿ ಮುಳುಗಿಸಿ, ಹುಳಿ ಬರಿಸಿ, ಹೋಟೆಲುಗಳಿಗೆ ಕಳಿಸುವ ಕೆಲಸ ನಡೆಯುತ್ತದೆ. ವ್ಯವಹಾರ ದೊಡ್ಡಪ್ಪನದು. ಉಪ್ಪುನೀರು ಅತ್ತೆಯದು. ಅತ್ತೆ ಅಂದರೆ ಅವನ ತಂಗಿ. ಗಂಡ ತೀರಿಕೊಂಡ ಮೇಲೆ ಒಂದು ಟ್ರಂಕು ಹಿಡಿದು ಇಲ್ಲಿಗೆ ಬಂದವಳು. ಬಂದ ಹೊಸತರಲ್ಲೇ "ಕೂತು ತಿನ್ನೋಕೆ ನನ್ನ ಕೈಲಾಗಲ್ಲ, ಏನಾದ್ರೂ ಕೆಲಸ ಕೊಡು" ಎಂದು ಅಣ್ಣನ ಮುಂದೆ ನಿಂತಳಂತೆ. ಅವನು ಉಪ್ಪಿನ ಕೋಣೆಯ ಬೀಗದ ಕೈ ಕೊಟ್ಟ. ಆವತ್ತಿನಿಂದ ಅದು ಅವಳ ಸೊಂಟದಲ್ಲಿದೆ. ಈ ಮನೆಯಲ್ಲಿ ಅವಳು ಯಾರ ಹಂಗಿನಲ್ಲೂ ಇಲ್ಲ ಎನ್ನುವುದಕ್ಕೆ ಆ ಬೀಗದ ಕೈಯನ್ನು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ.

ನಾನು ರಸಾಯನಶಾಸ್ತ್ರದಲ್ಲಿ ಪದವಿ ಮುಗಿಸಿ, ಕೆಲಸ ಸಿಗದೆ, ಇದೇ ಶೆಡ್ಡಿನಲ್ಲಿ ಪೀಪಾಯಿಗಳಿಗೆ ಚೀಟಿ ಅಂಟಿಸುತ್ತಿದ್ದೆ.

"ಲೇ ಕೆಮಿಸ್ಟ್ರಿ," ಎಂದು ದೊಡ್ಡಪ್ಪ ಕೈ ಒರೆಸಿಕೊಂಡ. "ಕೆಟ್ಟಿರೋದು ಉಪ್ಪಾ, ನೀರಾ, ಇಲ್ಲಾ ನಿಮ್ಮತ್ತೆ ತಲೇನಾ? ನೋಡಿ ಹೇಳು. ಓದ್ಸಿದ್ದಕ್ಕೆ ಇಷ್ಟಾದ್ರೂ ಬರ್ಲಿ."

ಅತ್ತೆ ಅಲ್ಲೇ ಇದ್ದಳು. ತೊಳೆದ ಸೌತೆಗಳ ಬುಟ್ಟಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಇಟ್ಟಳು, ಮತ್ತೆ ಮೊದಲಿನ ಜಾಗಕ್ಕೇ ಇಟ್ಟಳು.

ತಲೆಯ ಮಾತು ಮನೆಯಲ್ಲಿ ಆಗಲೇ ಓಡಾಡುತ್ತಿತ್ತು. ಇಷ್ಟು ಹೊತ್ತಿಗೆ ಖಾಲಿಯಾಗಬೇಕಿದ್ದ ಉಪ್ಪಿನ ಮೂಟೆಗಳು ಕೋಣೆಯಲ್ಲಿ ಹೊಲಿದ ಬಾಯಿ ಹೊಲಿದಂತೆಯೇ ನಿಂತಿದ್ದವು. ಕದ್ದರೆ ಕಡಿಮೆಯಾಗಬೇಕು, ಇಲ್ಲಿ ಉಳಿದಿದೆ. ಹಾಗಾದರೆ ಹಾಕಲು ಮರೆತಿದ್ದಾಳೆ. ಹಿಂದೊಮ್ಮೆ ಟೀಗೆ ಸಕ್ಕರೆ ಅಂತ ಉಪ್ಪು ಹಾಕಿದ್ದಳು. ಆಗ ಎಲ್ಲರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆವು. ಈಗ ಅದನ್ನು ನೆನಪಿಸುವಾಗ ಯಾರೂ ನಗುತ್ತಿರಲಿಲ್ಲ.

ನಾನು ಉಪ್ಪಿನಿಂದ ಶುರುಮಾಡಿದೆ. ನೀರಿಗೆ ಬಿದ್ದರೆ ಸಿಡಿದು ಉರಿಯುವ ಒಂದು ಲೋಹ, ಉಸಿರು ಕಟ್ಟಿಸುವ ಒಂದು ಅನಿಲ. ಎರಡೂ ಸೇರಿ ತಮ್ಮ ಸ್ವಭಾವವನ್ನೇ ಮರೆತು ಊಟದ ಮೇಜಿನ ಮೇಲೆ ಬಿಳಿಯಾಗಿ ಕೂರುತ್ತವೆ. ಪರೀಕ್ಷೆಗೆ ಇದನ್ನು ಬರೆದು ಅಂಕ ಪಡೆದಿದ್ದೇನೆ. ಅಂಕ ಪಡೆದದ್ದು ಅರ್ಥವಾಗಿಯೇ ಎಂದು ಈಗ ಕೇಳಿದರೆ ಮಾತು ಬದಲಿಸುತ್ತೇನೆ.

ಒಂದು ಹಿಡಿ ಉಪ್ಪನ್ನು ಗಾಜಿನ ಲೋಟದಲ್ಲಿ ಕರಗಿಸಿದೆ. ತಳದಲ್ಲಿ ಮಣ್ಣಿಲ್ಲ, ಮೇಲೆ ನೊರೆಯಿಲ್ಲ. ಪುಡಿ ಉಪ್ಪಿಗೆ ಗಂಟು ಕಟ್ಟದಿರಲಿ ಎಂದು ಬೆರೆಸುವ ವಸ್ತುವಿದ್ದರೆ ನೀರು ಮಂಜಾಗುತ್ತದೆ. ಅದೂ ಆಗಲಿಲ್ಲ. ಗಂಜಿಯ ತಿಳಿಗೆ ಎರಡು ತೊಟ್ಟು ನಿಂಬೆರಸ ಹಿಂಡಿ ಉಪ್ಪಿನ ಮೇಲೆ ಬಿಟ್ಟೆ. ಹುಳಿ ಬರಲು ಅಡ್ಡಿ ಎನ್ನುವ ಅಯೋಡಿನ್ ಇದ್ದರೆ ನೀಲಿಯಾಗಬಹುದಿತ್ತು, ಆಗಲಿಲ್ಲ. ಉಪ್ಪು ಉಪ್ಪೇ ಆಗಿತ್ತು. ನೀರು ನಾವು ದಿನಾ ಕುಡಿಯುವ ನೀರೇ.

ಇನ್ನೊಂದು ಪರೀಕ್ಷೆ ಉಳಿದಿತ್ತು. ಅದನ್ನು ಮಾಡದೆ ಇದ್ದಿದ್ದರೆ ಎಂದು ಆಮೇಲೆ ಅನ್ನಿಸಿತು. ಹಂಗಾಮಿನ ಮೊದಲಲ್ಲಿ ತುಂಬಿದ ಗಟ್ಟಿ ಸೌತೆಯ ಪೀಪಾಯಿಯಿಂದ ಒಂದು ಸೌಟು, ಮೆತ್ತಗಾದ ಪೀಪಾಯಿಯಿಂದ ಒಂದು ಸೌಟು ಉಪ್ಪುನೀರು ತಂದು, ಬೇರೆ ಬೇರೆ ಬಾಣಲೆಯಲ್ಲಿ ನೀರೆಲ್ಲ ಆರುವವರೆಗೂ ಕಾಯಿಸಿದೆ. ಮೊದಲನೆಯದರಲ್ಲಿ ದಪ್ಪ ಬಿಳಿ ಪೊರೆ ನಿಂತಿತು. ಎರಡನೆಯದರಲ್ಲಿ ಉಗುರಿನಿಂದ ಕೆರೆಯಬೇಕಾದಷ್ಟು. ತೂಗಿದರೆ ಅರ್ಧವೂ ಬರಲಿಲ್ಲ.

ಉಪ್ಪು ಕಾಯಿಯೊಳಗಿನ ನೀರನ್ನು ಹೊರಗೆಳೆದು ಅದನ್ನು ಬಿಗಿಯಾಗಿಸುತ್ತದೆ. ಕೊಳೆಸುವ ಜೀವಾಣುಗಳನ್ನು ಹೊರಗಿಟ್ಟು, ಹುಳಿ ಬರಿಸುವವಕ್ಕೆ ಮಾತ್ರ ಬಾಗಿಲು ತೆಗೆಯುತ್ತದೆ. ಕಡಿಮೆಯಾದರೆ ಎಲ್ಲರೂ ಒಳಗೆ ನುಗ್ಗುತ್ತಾರೆ. ಇಷ್ಟು ಸರಳ. ಉಪ್ಪು ಕಡಿಮೆ ಬಿದ್ದಿದೆ, ಹಾಕುತ್ತಿದ್ದದ್ದು ಅತ್ತೆ ಒಬ್ಬಳೇ.

ದೊಡ್ಡಪ್ಪನಿಗೆ ಹೇಳುವ ಮೊದಲು ಅವಳ ಹತ್ತಿರ ಹೋದೆ. ತಳ ಹಿಡಿದ ಪಾತ್ರೆಗೆ ಹರಳುಪ್ಪು ಉದುರಿಸಿ ಉಜ್ಜುತ್ತಿದ್ದಳು. ಅವಳಿಗೆ ಎಲ್ಲಕ್ಕೂ ಉಪ್ಪೇ. ಹೊಸ ಬಟ್ಟೆಯ ಬಣ್ಣ ಬಿಡದಿರಲು ಉಪ್ಪು, ವಸಡು ಊದಿದರೆ ಉಪ್ಪು, ಚಹಾ ಹಿಡಿದ ಕಪ್ಪಿನ ಕಲೆಗೂ ಉಪ್ಪು.

"ಅತ್ತೆ, ಉಪ್ಪು ಎಷ್ಟು ಅಂತ ಹೇಗೆ ನೋಡ್ತೀಯ?"

"ಒಂದೆರಡು ಬೊಗಸೆ ಉಪ್ಪು ಕಲಕಿ ಮೊಟ್ಟೆ ಬಿಡ್ತೀನಿ. ಸಾಲದಿದ್ರೆ ಮುಳುಗುತ್ತೆ. ಉಪ್ಪು ಹಾಕ್ತಾ ಹಾಕ್ತಾ ಮೇಲೆ ಬರುತ್ತೆ. ನೆತ್ತಿ ಒಂದು ನಾಣ್ಯದಷ್ಟು ಕಂಡ್ರೆ ಸಾಕು."

"ಹಾಳಾದ ಪೀಪಾಯಿಗಳಲ್ಲೂ ಕಂಡಿತ್ತಾ?"

"ಕಂಡಿತ್ತು." ಉಜ್ಜುವುದು ನಿಂತಿತು. "ಕಂಡಿತ್ತು ಅನ್ಸುತ್ತೆ." ಆಮೇಲೆ ನನ್ನ ಮುಖ ನೋಡಿದಳು. "ಮೂಟೆ ಉಳೀತಾ ಇರೋದು ನಾನೂ ನೋಡಿದ್ದೆ ಕಣೋ. ಹಾಕಿದೀನಿ ಅಂತ ಕೈ ಹೇಳ್ತಿತ್ತು, ಇಲ್ಲ ಅಂತ ಮೂಟೆ ಹೇಳ್ತಿತ್ತು. ಯಾರನ್ನ ನಂಬಲಿ?"

ನೀರು ಭಾರವಾದಂತೆ ಮೊಟ್ಟೆ ಏಳುತ್ತದೆ, ಅದು ಸುಳ್ಳಲ್ಲ. ಬಾಣಲೆಯೂ ಸುಳ್ಳಲ್ಲ. ಎರಡು ನಿಜಗಳ ನಡುವೆ ಅತ್ತೆ ಪಾತ್ರೆ ಹಿಡಿದು ಕೂತಿದ್ದಳು. ನಾನು ಬಾಣಲೆಗಳನ್ನು ದೊಡ್ಡಪ್ಪನಿಗೆ ತೋರಿಸಲು ಎದ್ದೆ.

ದೊಡ್ಡಪ್ಪ ಬಾಣಲೆಗಳನ್ನು ನೋಡಿದ. ಮರುದಿನ ಬೆಳಿಗ್ಗೆ ತಂಗಿಯ ಮುಂದೆ ಕೈ ಚಾಚಿದ.

"ಬೀಗದ ಕೈ ಕೊಡಮ್ಮ. ಸಾಕಷ್ಟು ದುಡಿದಿದೀಯ. ಒಳಗೆ ಆರಾಮಾಗಿರು."

ಬೈದಿದ್ದರೆ ಅವಳು ತಿರುಗಿ ಬೈಯುತ್ತಿದ್ದಳು. "ಅಮ್ಮ" ಅಂದದ್ದಕ್ಕೆ ಏನು ಮಾಡಬೇಕೋ ತಿಳಿಯಲಿಲ್ಲ. ಸೊಂಟದಿಂದ ಬಿಚ್ಚಿ ಕೊಟ್ಟಳು. ಒಳಗೆ ಹೋಗಲಿಲ್ಲ, ಶೆಡ್ಡಿನ ಬಾಗಿಲಲ್ಲೇ ನಿಂತಳು.

ಉಪ್ಪುನೀರಿನ ಕೆಲಸ ಪೀಪಾಯಿಗಳಿಗೆ ಮುಚ್ಚಳ ಬಡಿಯುವ ಆಳಿನ ಪಾಲಿಗೆ ಬಂತು. ಅವನನ್ನು ನಾವೆಲ್ಲ ಸುತ್ತಿಗೆ ಎಂದೇ ಕರೆಯುವುದು. ಮರೆವಿನ ಮಾತು ಬಿಡಿ, ನಾನು ಯಾವ ಚೀಟಿಯನ್ನು ಸೊಟ್ಟಗೆ ಅಂಟಿಸಿದ್ದೆ ಎಂಬುದೂ ಅವನಿಗೆ ನೆನಪಿರುತ್ತದೆ.

"ಅಕ್ಕಾ, ನಿಮ್ಮ ಸಿಂಹಾಸನ ಕಿತ್ಕೊಂಡೆ ಅಂತ ಶಾಪ ಹಾಕ್ಬೇಡಿ. ಬಡವನಿಗೆ ಮದುವೆಯಾಗ್ಬೇಕು ಇನ್ನೂ," ಎನ್ನುತ್ತ ಅವನು ಪೀಪಾಯಿಗೆ ನೀರು ತುಂಬಿದ.

"ನಿನಗೆ ಹೆಣ್ಣು ಕೊಡೋರಿಗೇ ಶಾಪ ಇರುತ್ತೆ, ನಾನ್ಯಾಕೆ ಬೇರೆ ಹಾಕ್ಲಿ?" ಅಂದಳು ಅತ್ತೆ. ದನಿಯಲ್ಲಿ ನಗುವಿರಲಿಲ್ಲ.

ಸುತ್ತಿಗೆ, ಗೋಡೆಯ ಗೂಡಿನಲ್ಲಿ ಅತ್ತೆ ಇಟ್ಟಿದ್ದ ಅಂಚು ಮುಕ್ಕಾದ ಬಟ್ಟಲಿನಿಂದ ಮೊಟ್ಟೆ ತೆಗೆದು ಜೋಪಾನವಾಗಿ ಪಕ್ಕಕ್ಕಿಟ್ಟ. ಉಪ್ಪು ಸುರಿದ, ಉದ್ದನೆಯ ಕೋಲಿನಿಂದ ಕಲಕಿದ, ಮೊಟ್ಟೆ ಬಿಟ್ಟ. ತೇಲಿತು. ನಾಣ್ಯದಷ್ಟಲ್ಲ, ಇನ್ನೂ ಅಗಲವಾಗಿ ನೆತ್ತಿ ತೋರಿಸಿತು.

"ಅಷ್ಟೇನಾ?" ಎಂದು ಅವನೇ ಬಾಗಿ ನೋಡಿದ. "ಮೂಟೆ ಇನ್ನೂ ಹೊಟ್ಟೆ ತುಂಬಿಸ್ಕೊಂಡೇ ಇದೆಯಲ್ಲ!"

ನಾನು ಬೆರಳದ್ದಿ ನಾಲಗೆಗೆ ಇಟ್ಟೆ. ಗಂಟಲು ನೋವಿಗೆ ಮುಕ್ಕಳಿಸುವ ನೀರಿಗಿಂತ ತುಸು ಹೆಚ್ಚು, ಅಷ್ಟೇ. ಒಳ್ಳೆಯ ಉಪ್ಪುನೀರು ಬಾಯಿಗೆ ಬಿದ್ದರೆ ಮುಖ ಕಿವುಚಿಕೊಳ್ಳಬೇಕು.

"ದೇವರೇ, ನನಗೂ ಮರೆವು ಬಂತಾ?" ಎಂದ ಸುತ್ತಿಗೆ ನಿಜವಾಗಿಯೂ ಬೆವರಿದ್ದ. "ಈಗ್ತಾನೆ ಹಾಕಿದ್ನಲ್ಲೋ. ನೀನು ನೋಡಿದೆ ತಾನೆ?"

ನೋಡಿದ್ದೆ. ಅವನು ಹಾಕಿದ್ದನ್ನೂ ನೋಡಿದ್ದೆ, ಮೊಟ್ಟೆ ಎದ್ದದ್ದನ್ನೂ ನೋಡಿದ್ದೆ. ಒಂದು ಕ್ಷಣ ನನ್ನ ಕಣ್ಣಿನ ಮೇಲೇ ಸಂಶಯ ಬಂತು. ಆಮೇಲೆ, ಯಾಕೆಂದು ಸರಿಯಾಗಿ ಯೋಚಿಸದೆಯೇ, ಮೊಟ್ಟೆಯನ್ನೆತ್ತಿ ಪಕ್ಕದಲ್ಲಿದ್ದ ಕುಡಿಯುವ ನೀರಿನ ಬಕೆಟ್ಟಿಗೆ ಬಿಟ್ಟೆ.

ಒಂದು ಹರಳೂ ಉಪ್ಪಿಲ್ಲದ ನೀರಿನಲ್ಲಿ ಮೊಟ್ಟೆ ತೇಲುತ್ತ ನಿಂತಿತು.

"ಅತ್ತೆ, ಇದು ಯಾವಾಗಿನ ಮೊಟ್ಟೆ?"

ಅವಳು ಹೊಸ್ತಿಲು ದಾಟಿ ಬಂದಳು. "ಹಂಗಾಮು ಶುರುವಾದಾಗಿನದು. ಮೊದಲೆಲ್ಲ ಅಡುಗೆಮನೆಯಿಂದ ಆವತ್ತಿಂದು ತರ್ತಿದ್ದೆ, ಆಮೇಲೆ ಬೇಯಿಸ್ಕೊಂಡು ತಿಂತಿದ್ವಿ. ಡಾಕ್ಟ್ರು ಅಣ್ಣಂಗೆ ಮೊಟ್ಟೆ ಬೇಡ ಅಂದ್ಮೇಲೆ ಮನೇಗೆ ತರೋದೇ ಬಿಟ್ವಲ್ಲ. ಉಳಿದಿದ್ದು ಇದೊಂದೇ. ಒರೆಸಿ ಒರೆಸಿ ಇಟ್ಕೊಂಡಿದೀನಿ."

ದೊಡ್ಡಪ್ಪನನ್ನು ಕರೆದೆವು. ನಾನು ವಿವರಿಸಿದೆ. ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ತೂತುಗಳಿರುತ್ತವೆ, ದಿನ ಕಳೆದಂತೆ ಒಳಗಿನ ನೀರು ಆರುತ್ತದೆ, ಆ ಜಾಗಕ್ಕೆ ಗಾಳಿ ಬರುತ್ತದೆ. ಮೊಟ್ಟೆ ಹಗುರವಾಗುತ್ತ ಹೋಯಿತು, ಅದನ್ನು ಎತ್ತಲು ಬೇಕಾದ ಉಪ್ಪು ಕಡಿಮೆಯಾಗುತ್ತ ಹೋಯಿತು. ಮೊದಲ ಪೀಪಾಯಿ ಗಟ್ಟಿ, ಆಮೇಲಿನವು ಒಂದಕ್ಕಿಂತ ಒಂದು ಮೆತ್ತಗೆ.

ದೊಡ್ಡಪ್ಪ ಬಕೆಟ್ಟಿನೊಳಗೆ ಇಣುಕಿದ. "ಅಂದ್ರೆ ತಲೆ ಕೆಟ್ಟಿದ್ದು ಮೊಟ್ಟೆಗಾ?"

"ವಯಸ್ಸಾಗಿದ್ದು," ಅಂದೆ.

"ಹಾಗಾದ್ರೆ ಬೈಯೋದು ಯಾರನ್ನ? ಡಾಕ್ಟ್ರನ್ನಾ?" ಎಂದು ಗೊಣಗಿದ. ಜೇಬಿನಿಂದ ಬೀಗದ ಕೈ ತೆಗೆದು, ತಂಗಿಯ ಕೈಗೆ ಕೊಡಲು ಯಾಕೋ ಆಗದೆ, ಉಪ್ಪಿನ ಮೂಟೆಯ ಮೇಲಿಟ್ಟ. "ಹೊಸ ಮೊಟ್ಟೆ ತರಿಸ್ತೀನಿ," ಎಂದು ಹೊರಗೆ ಹೋದ. ಅವನ ಹಿಂದೆ ಸುತ್ತಿಗೆಯೂ, ತನ್ನ ತಲೆ ನೆಟ್ಟಗಿದೆ ಎಂದು ಬೀದಿಗೆಲ್ಲ ಸಾರುವವನಂತೆ, ಓಡಿದ.

ನನಗೆ ಗೆದ್ದಷ್ಟು ಖುಷಿಯಾಗಿತ್ತು. ಅತ್ತೆಯ ಮುಖದಲ್ಲಿ ಅದನ್ನು ಹುಡುಕಿದೆ. ಅವಳು ಬೀಗದ ಕೈಯನ್ನು ಮುಟ್ಟಿರಲಿಲ್ಲ.

"ತಗೋ ಅತ್ತೆ. ನಿನ್ನದೇನೂ ತಪ್ಪಿರಲಿಲ್ಲ."

"ಪೀಪಾಯಿ ಕೆಟ್ಟಿದ್ದನ್ನ ಮೊಟ್ಟೆ ಮಾಡ್ತು," ಎಂದಳು ನಿಧಾನವಾಗಿ. "ಮೊನ್ನೆ ಪೇಟೆಗೆ ಹೋಗಿ, ಯಾತಕ್ಕೆ ಬಂದೆ ಅಂತ ತಿಳೀದೆ ಅಂಗಡಿ ಮುಂದೆ ನಿಂತಿದ್ದೆ. ಎಷ್ಟು ಹೊತ್ತು ನಿಂತಿದ್ದೆ ಅಂತಾನೂ ಗೊತ್ತಿಲ್ಲ. ಯಾರಿಗೂ ಹೇಳಿಲ್ಲ. ಅದನ್ನೂ ಮೊಟ್ಟೆ ಮಾಡ್ತೇನೋ?"

ಎಲ್ಲರಿಗೂ ಒಮ್ಮೊಮ್ಮೆ ಹಾಗಾಗುತ್ತದೆ ಎನ್ನಬಹುದಿತ್ತು. ಅದು ನಿಜವಿದ್ದರೂ ಇರಬಹುದು.

ದೊಡ್ಡಪ್ಪ ತರಿಸಿದ ಮೊಟ್ಟೆ ಬಂತು. ಅತ್ತೆ ಅದನ್ನು ಸುತ್ತಿಗೆ ಕಲಕಿಟ್ಟಿದ್ದ ನೀರಿಗೆ ಬಿಟ್ಟಳು. ಕಲ್ಲಿನಂತೆ ತಳ ಸೇರಿತು. ಹೊಸ ಮೂಟೆಯ ಬಾಯಿ ಬಿಚ್ಚಿ, ಒಂದು ಬೊಗಸೆ ಹಾಕಿ ಕಲಕಿದಳು, ಮತ್ತೊಂದು ಬೊಗಸೆ, ಮತ್ತೊಂದು. ಕೊನೆಗೆ ಮೊಟ್ಟೆ ಅಲುಗಿ ಮೇಲೆದ್ದು, ನಾಣ್ಯದಷ್ಟು ನೆತ್ತಿ ತೋರಿಸಿ ನಿಂತಿತು.

"ಎದ್ದಿದೆಯಾ?" ಎಂದು ನನ್ನನ್ನು ಕೇಳಿದಳು.

"ಎದ್ದಿದೆ."

ಅವಳು ತಲೆಯಾಡಿಸಿದಳು. ಸ್ವಲ್ಪ ಹೊತ್ತಿಗೆ, ನೀರಿನಿಂದ ಕಣ್ಣು ತೆಗೆಯದೆ, ಅದನ್ನೇ ಮತ್ತೊಮ್ಮೆ ಕೇಳಿದಳು.