ಶೋಭಾಳ ಬದನಿ ಬೀಜ

ಗೋಕಾಕದ ಬಿಸಿಲಿಗೆ ಮಾಳಿಗೆಯ ಮೇಲೆ ಬರಿಗಾಲಿಡಲಾಗದು. ಸಂಜೆಯಾಯಿತೋ, ಗುಡ್ಡದ ಗಾಳಿ ಬೀಸಿ ಮೈ ತಂಪಾಗುತ್ತದೆ.

"ಇಂಥ ಹವಾಕ್ಕ ಬದನಿ ಭಾಳ ಛಲೋ ಬರತೈತಿ ಯವ್ವಾ," ಎನ್ನುತ್ತಿದ್ದಳು ಶೋಭಾ. ಯಮಕನಮರಡಿಯ ಗಂಡನ ಮನೆಯಿಂದ ಜಡ್ಡು ಹೊತ್ತು ತವರಿಗೆ ಬಂದವಳು, ಬಣ್ಣದ ಖಾಲಿ ಬಕೀಟುಗಳಿಗೆ ಮಣ್ಣು ತುಂಬಿ, ಹಳೇ ಸೀರೆಯ ನೆರಳು ಕಟ್ಟಿ, ಬಿಳಿ ಗೆರೆಯ ಬದನೆ ಬೆಳೆಸಿದ್ದಳು. ಒಂದು ಕಾಯಿಯನ್ನು ಬೀಜಕ್ಕೆಂದು ಗಿಡದಲ್ಲೇ ಬಿಟ್ಟಳು. ಅದು ಹಳದಿಗೆ ತಿರುಗುವಷ್ಟರಲ್ಲಿ ಅವಳೇ ಹೋಗಿಬಿಟ್ಟಳು.

ಆ ಬೀಜ ತೆಗೆದು ಒಣಗಿಸಿ, ಹುಳ ಹತ್ತದಿರಲೆಂದು ಸಗಣಿ ಕುಳ್ಳಿನ ಬೂದಿಯಲ್ಲಿ ಕಲಸಿ, ಡಬ್ಬಿಯಲ್ಲಿಟ್ಟಿದ್ದಳು ತಾಯಿ ಗೌರವ್ವ. ಗಿಡಗಳು ಬಿಸಿಲಿಗೆ ಸುಟ್ಟುಹೋದವು. ಉಳಿದದ್ದು ಅದೊಂದೇ ಡಬ್ಬಿ. ನಾಳೆ ಮಗಳ ವರ್ಷದ ಕಾರ್ಯ. ಅದು ಮುಗಿದ ಕೂಡಲೇ ಅವೇ ಬಕೀಟುಗಳಲ್ಲಿ ಬಿತ್ತಬೇಕೆಂದು ವರ್ಷವಿಡೀ ಕಾದಿದ್ದಳು.

ಇಂದು ಮುಂಜಾನೆ ಕಲ್ಲೋಳಿಯಿಂದ ತಂಗಿ ಕಾಶೆವ್ವ ಬಂದಳು. ಗೌರವ್ವ ಕಿರಾಣಿ ಅಂಗಡಿ, ಮಠ ಎಂದು ತಿರುಗಿ ಮಧ್ಯಾಹ್ನ ಮರಳುವಷ್ಟರಲ್ಲಿ ಹಿತ್ತಾಳೆಯ ದೀಪದ ಸಮೆ, ತಂಬಿಗೆ ಎಲ್ಲಾ ಅಂಗಳದಲ್ಲಿ ಝಗಝಗ.

"ಅಕ್ಕಾ, ಪ್ಯಾಟಿಯಾಗಿದ್ದೂ ಕುಳ್ಳಿನ ಬೂದಿ ಇಟ್ಟೀಯಲ್ಲ, ಶ್ಯಾಣ್ಯಾಕಿ! ಒಳಗ ಬರೇ ಹರಳಿದ್ದುವು. ಜರಡಿ ಹಿಡದು ಅವನ್ನ ಚೆಲ್ಲಿ, ಬೂದಿಲೆ ಎಲ್ಲಾ ತಿಕ್ಕಿದೆ."

ಗೌರವ್ವನ ಕೈಯ ಚೀಲ ಜಾರಿತು. "ಎಲ್ಲಿ ಚೆಲ್ಲಿದಿ?"

"ಗಟಾರಕ್ಕ. ಯಾಕ?"

"ಅವು ಹರಳಲ್ಲ, ಕಾಶಿ. ನಮ್ಮ ಶೋಭಾನ ಬದನಿ ಬೀಜ."

ಕಾಶೆವ್ವ ಸೀರೆ ಎತ್ತಿ ಸಿಕ್ಕಿಸಿ, ಗಟಾರದ ಬಾಜೂ ಕೂತು, ಮೊಣಕೈಮಟ ಕೈಯಿಳಿಸಿದಳು.

ಎದುರುಮನೆಯ ಅಲ್ಲವ್ವ ಇಣುಕಿದಳು. "ಏನ್ ಬಿತ್ರಿ? ಬಂಗಾರ ಏನ್ರಿ? ಹಂಗಾರ ನನಗೂ ಪಾಲು ಇರಲಿ!" ಇಬ್ಬರ ಮುಖ ನೋಡಿದವಳೇ ನಗು ನುಂಗಿ ಒಳಗೆ ಹೋದಳು.

"ನನ್ನ ಕೈ ಸೇದಿಹೋಗಲಿ, ಅಕ್ಕಾ! ಬೈಯಿ ನನಗ, ಬಡಿ!" ಕೆಸರು ಎತ್ತಿ ಎತ್ತಿ ಬೆರಳಲ್ಲಿ ತಿಕ್ಕಿ ನೋಡಿದಳು. ಒಂದು ಬೀಜವೂ ಇಲ್ಲ.

ಬೈಗುಳ ಗೌರವ್ವನ ಗಂಟಲಿನತನಕ ಬಂದಿತ್ತು. ಆದರೆ ಕಡೇ ದಿನಗಳಲ್ಲಿ ಶೋಭಾಳ ತಲೆ ಬಾಚಿ, ತುತ್ತು ಮಾಡಿ ಉಣ್ಣಿಸಿದ್ದು ಅದೇ ಕೈ. ಹಿಡಿದು ಮೇಲೆತ್ತಿದಳು.

"ಬಿಡು, ಕಾಶಿ. ಮುಂಜಾನಿ ನೀರು ಈಗ ಹೊಳಿ ಮುಟ್ಟಿರತೈತಿ."

ಬೋರಿನ ನೀರು ಹಾಕಿ ತಂಗಿಯ ಕೈ ತೊಳೆದಳು, ಉಗುರಿನ ಸಂದಿಯನ್ನೂ ಬಿಡದೆ.

"ನಾಳಿ ಎಡಿಗೆ ಬದನಿಪಲ್ಯಾ ಇಡಬೇಕಲ್ಲಕ್ಕಾ," ಕಾಶೆವ್ವ ಬಿಕ್ಕಿದಳು. "ಅಕಿಗೆ ಭಾಳ ಸೇರತಿತ್ತು."

"ಹೂಂ," ಎಂದಳು ಗೌರವ್ವ. ಒಂದು ವರ್ಷದಿಂದ ಆ ಮನೆಯಲ್ಲಿ ಬದನೆಕಾಯಿ ಕೊಂಡಿರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ಮಂದಿ ಬೆಳೆದದ್ದನ್ನು ತರಲು ಸಂತೆಯ ಕಡೆ ನಡೆದಳು.