ಗಿಲ್‌ರಾಯ್‌ನವರ ಎರಡು ಸ್ಥಾನ

ಪದ್ಮಜಾ ಅಮೆರಿಕದ ಸ್ಯಾನ್ ಹೊಸೆಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತಿದ್ದಳು. ಮನೆ ಮಾತ್ರ ದೂರದ ಗಿಲ್‌ರಾಯ್‌ನಲ್ಲಿ. ಆ ವರ್ಷ ಎರಡೂ ಊರಿನವರಿದ್ದ ಕನ್ನಡ ಸಂಘದ ಸಮಿತಿಯ ಚುನಾವಣೆಯಲ್ಲಿ ಗಿಲ್‌ರಾಯ್ ಕಡೆಯವರು ಅವಳನ್ನೂ ಡಾಕ್ಟರ್ ಮುನಿರಾಜುವನ್ನೂ ನಿಲ್ಲಿಸಿ ಗೆಲ್ಲಿಸಿದರು. ಮಕ್ಕಳ ಕನ್ನಡ ಶಾಲೆ ನಮ್ಮೂರಿಗೂ ಬರಬೇಕು, ಯುಗಾದಿಯೂ ಒಮ್ಮೆ ಇಲ್ಲೇ ಆಗಬೇಕು ಎಂಬುದು ಅವರ ಬೇಡಿಕೆ. ಸ್ಯಾನ್ ಹೊಸೆಯ ಶಿವರಾಜನ ಗುಂಪು ದೊಡ್ಡದಾಗಿ ಗೆದ್ದರೂ ಬಹುಮತಕ್ಕೆ ಒಂದು ಸ್ಥಾನ ಕಡಿಮೆ ಬಿತ್ತು.

ಹಾಗಾಗಿ ಭಾನುವಾರ ಶಿವರಾಜ ಅವಳ ಮನೆಗೆ ಬಂದ. ಕಾಫಿ ಕುಡಿಯುತ್ತಾ, ಉಪಾಧ್ಯಕ್ಷ ಸ್ಥಾನ ನಿಮಗೇ ಎಂದ. ಶಾಲೆಯ ವಿಷಯ ನೋಡಲು ಒಂದು ಉಪಸಮಿತಿ ಮಾಡೋಣ ಎಂದ. ಯುಗಾದಿ ಮಾತ್ರ ಆಗದು. ಅದಕ್ಕೆ ಸ್ಯಾನ್ ಹೊಸೆಯ ಹಾಲ್ ಆಗಲೇ ಗೊತ್ತುಮಾಡಿ ಆಗಿತ್ತು.

ಅದೇ ವಾರ ಪದ್ಮಜಾ ತರಗತಿಯಲ್ಲಿ ಬ್ರಿಟನ್ನಿನ ೨೦೧೦ರ ಸಮ್ಮಿಶ್ರ ಸರ್ಕಾರದ ಪಾಠ ಮಾಡಿದ್ದಳು. ಚಿಕ್ಕ ಪಾಲುದಾರರಾದ ಲಿಬರಲ್ ಡೆಮಾಕ್ರಾಟರಿಗೆ ಉಪಪ್ರಧಾನಿ ಹುದ್ದೆ ಸಿಕ್ಕಿತ್ತು. ಮತದಾನದ ಪದ್ಧತಿ ಬದಲಾಗಬೇಕೆಂದವರಿಗೆ ಸಿಕ್ಕಿದ್ದು ಬರೀ ಜನಮತಗಣನೆ, ಅದರಲ್ಲೂ ಸೋತರು. ಕಾಲೇಜು ಶುಲ್ಕ ಏರಲು ಬಿಡೆವು ಎಂದಿದ್ದವರು ಅದನ್ನು ಏರಿಸಿದ ಸರ್ಕಾರದಲ್ಲೇ ಕೂತಿದ್ದರು. ಬಡ ಮಕ್ಕಳಿದ್ದ ಶಾಲೆಗಳಿಗೆ ಹೆಚ್ಚು ನೆರವು ಕೊಡಿಸಿದ್ದೂ ಅವರೇ, ಆದರೆ ಮುಂದಿನ ಚುನಾವಣೆಯಲ್ಲಿ ಅದು ಅವರ ಕೈಹಿಡಿಯಲಿಲ್ಲ. ಮತ್ತೆ ಅವರೇನು ಮಾಡಬೇಕಿತ್ತು ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಾಗ ಪದ್ಮಜಾ ಸುತ್ತಿ ಬಳಸಿ ಏನೋ ಹೇಳಿ ಜಾರಿಕೊಂಡಿದ್ದಳು. ಈಗ ಜಾರಿಕೊಳ್ಳುವಂತಿರಲಿಲ್ಲ.

“ಪೋಸ್ಟು ಬೇಡ ಶಿವರಾಜ್, ಉಪಸಮಿತೀನೂ ಬೇಡ. ಶಾಲೆ ಜವಾಬ್ದಾರಿ ನನ್ನ ಕೈಗೆ ಕೊಡಿ. ಮುಂದಿನ ತಿಂಗಳಿಂದಲೇ ಗಿಲ್‌ರಾಯಲ್ಲಿ ಕ್ಲಾಸು ಶುರುವಾಗ್ಲಿ. ಯುಗಾದಿ ನಾನು ಬಿಟ್ಟುಕೊಡ್ತೀನಿ.”

ಶಿವರಾಜ ಕಪ್ಪು ಕೆಳಗಿಟ್ಟು ಒಪ್ಪಿಕೊಂಡ. ಫೋನಿನಲ್ಲಿ ಮುನಿರಾಜುವೂ ಹೂಂ ಎಂದ.

ಉಳಿದದ್ದು ವೆಂಕಟಮ್ಮ. ಮಂಡ್ಯದ ಆಕೆ ಮಗಳ ಜೊತೆ ಇಲ್ಲಿದ್ದರು. ಮಂಡಿನೋವಿನಿಂದ ಸ್ಯಾನ್ ಹೊಸೆವರೆಗೆ ಕಾರಿನಲ್ಲಿ ಕೂರಲಾಗದೆ ಯಾವ ಹಬ್ಬಕ್ಕೂ ಹೋಗುತ್ತಿರಲಿಲ್ಲ. ಯುಗಾದಿ ಇಲ್ಲೇ ಆಗುತ್ತದೆಂದು ಮನೆಮನೆಗೆ ಫೋನು ಮಾಡಿ ಪದ್ಮಜಾಗೆ ಓಟು ಕೇಳಿದ್ದವರು. ಬೇರೆ ಯಾರೋ ಹೇಳುವ ಮೊದಲು ತಾನೇ ಹೇಳಬೇಕೆಂದು ಪದ್ಮಜಾ ಸಂಜೆಯೇ ಹೋದಳು. ವೆಂಕಟಮ್ಮ ಬೆಳ್ಳುಳ್ಳಿ ಸುಲಿಯುತ್ತಾ ಎಲ್ಲ ಕೇಳಿಸಿಕೊಂಡರು.

“ಮಕ್ಳಿಗೆ ಸಾಲೆ ಬಂತಲ್ಲ, ಒಳ್ಳೇದಾಯ್ತು ಬುಡು. ಆದ್ರೆ ನಂದನ್ನ ಬುಟ್ಕೊಡಕ್ಕೆ ಮುಂಚೆ ನನ್ನ ಒಂದ್ಮಾತು ಕೇಳ್ಬೋದಿತ್ತು ಕಣವ್ವ.”

ಕೇಳಬೇಕಿತ್ತು ಅಮ್ಮ, ತಪ್ಪಾಯಿತು ಎಂದಳು ಪದ್ಮಜಾ. ಪಕ್ಕದಲ್ಲಿ ಕೂತು ತಾನೂ ಬೆಳ್ಳುಳ್ಳಿಗೆ ಕೈಹಾಕಿದಳು. ವೆಂಕಟಮ್ಮ ಬೇಡ ಎನ್ನದೆ ತಮ್ಮ ಪಾಡಿಗೆ ಸುಲಿಯುತ್ತಾ ಹೋದರು.

ಶಾಲೆ ಹೇಳಿದಂತೆಯೇ ಶುರುವಾಯಿತು, ಶನಿವಾರಗಳಂದು ಪದ್ಮಜಾಳೇ ಪಾಠಕ್ಕೆ ನಿಂತಳು. ಸಂಘದ ಪತ್ರಿಕೆ ಅದನ್ನು ಶಿವರಾಜನ ತಂಡದ ಸಾಧನೆ ಎಂದು ಬರೆಯಿತು. ಮುಂದಿನ ಚುನಾವಣೆಯಲ್ಲಿ ಪದ್ಮಜಾ ಸೋತಳು. ಈ ಸಲ ನಿಂಗೆ ಹಾಕ್ಲಿಲ್ಲ ಎಂದು ವೆಂಕಟಮ್ಮ ಮುಖಕ್ಕೇ ಹೇಳಿದರು. ಆದರೆ ಮಕ್ಕಳು ಅಷ್ಟೊಂದು ಬರುತ್ತಿದ್ದ ತರಗತಿಯನ್ನು ನಿಲ್ಲಿಸುವ ಮನಸ್ಸು ಹೊಸ ಸಮಿತಿಗೂ ಆಗಲಿಲ್ಲ. ಶನಿವಾರ ಅವಳು ಎಂದಿನಂತೆ ಹೋಗಿ ಬೋರ್ಡಿನ ಮೇಲೆ ಒತ್ತಕ್ಷರ ಬರೆದಳು. ವೆಂಕಟಮ್ಮನ ಮೊಮ್ಮಗಳು ಲಾಸ್ಯಾ ಮುಂದಿನ ಸಾಲಿನಲ್ಲೇ ಕೂತಿದ್ದಳು.